ಮೂರನೇ ಬೆಲ್ಟಿನ ಬಾಟಲಿ

"ವಾಟ್ಸ್ ದಿಸ್? ಹ್ಞಾಂ? ವಾಟ್ಸ್ ದಿಸ್?"

ಟೆರಿ ಬಾಟಲಿಯನ್ನು ತನ್ನ ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದ. ಹಸಿರು ಮುಚ್ಚಳದ ಹಾಲಿನ ಬಾಟಲಿ. ಒಳಗಿದ್ದದ್ದು ನೀರು. ಮೂರನೇ ಬೆಲ್ಟು ನಿಂತುಹೋಗಿತ್ತು. ವಿಮಾನಕ್ಕೆ ಹೋಗಬೇಕಾದ ಊಟದ ಟ್ರೇಗಳು ಅದರ ಮೇಲೆ ಸಾಲಾಗಿ ನಿಂತಿದ್ದವು; ಅರ್ಧಕ್ಕೆ ಬೆಣ್ಣೆ ಬಿದ್ದಿತ್ತು, ಅರ್ಧಕ್ಕೆ ಬಿದ್ದಿರಲಿಲ್ಲ. ಬೆಣ್ಣೆಯ ಪೊಟ್ಟಣ ಇಡುವ ನೀಲವ್ವ ಹೆಂಗಸರ ಪಾಯಖಾನೆಯ ಬಾಗಿಲ ಮುಂದೆ, ಬಿಳಿ ಕೋಟಿನ ಗುಂಡಿ ಬಿಚ್ಚಿಕೊಂಡೇ ನಿಂತಿದ್ದಳು. ಬಿಚ್ಚಿಸಿದವನು ಸೂಪರ್‌ವೈಸರ್ ಟೆರಿಯೇ.

ಅವನು ಮುಚ್ಚಳ ತಿರುವಿ, ಬಾಟಲಿಯ ಬಾಯನ್ನು ಮೂಸಿ, ಮುಖ ಕಿವಿಚಿದ. ಪ್ಯಾಕಿಂಗ್ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ನಲ್ಲಿಯ ನೀರಿಗೆ ಅದೆಂಥ ವಾಸನೆ! ಆಮೇಲೆ ಕೈ ಇಳಿಸಿ ಬಾಟಲಿಯನ್ನು ಬಗ್ಗಿಸಿದ. ನೀರು ನೀಲವ್ವನ ಪಾದದ ಮೇಲೆ ಬಿದ್ದು, ನೆಲದ ತುಂಬ ಹರಿದು, ಬೆಲ್ಟಿನ ಕಾಲಿನವರೆಗೂ ಹೋಯಿತು.

"ಡರ್ಟಿ. ಕ್ಲೀನ್ ಇಟ್. ಕಮಾನ್, ಮೂವ್ ಯುವರ್ ಆರ್ಸ್!"

ಕೊನೆಯ ಮಾತನ್ನು ನೀಲವ್ವ ಎರಡು ವರ್ಷದಿಂದ ದಿನಕ್ಕೆ ಹತ್ತು ಸಲ ಕೇಳಿದ್ದಳು. ಕೆಲಸಕ್ಕೆ ಸೇರಿದ ಮೊದಲ ದಿನವೇ, ಹಾಗಂದರೆ ಏನೆಂದು ಪಕ್ಕದ ಬಸಲಿಂಗವ್ವನನ್ನು ಕೇಳಿದ್ದಳು. ಬಸಲಿಂಗವ್ವ ಬಾಯಿಂದ ಏನೂ ಹೇಳದೆ ತನ್ನ ಕುಂಡಿಗೆ ತಾನೇ ಪಟ್ಟನೆ ಹೊಡೆದು ತೋರಿಸಿದ್ದಳು. ಊರಲ್ಲೇ ಗೊತ್ತಿದ್ದ ಸಿನಿಮಾ, ಟೇಸನ್ ಅಂಥ ಮಾತು ಬಿಟ್ಟರೆ ನೀಲವ್ವ ಇಂಗ್ಲೆಂಡಿನಲ್ಲಿ ಕಲಿತ ಮೊದಲ ಇಂಗ್ಲಿಷ್ ಪದ ಅದು.

ಅವಳು ಬಗ್ಗಿ ಒರೆಸಿದಳು. ಬೆಲ್ಟಿನ ಆಚೆಯಿಂದ ಬಸಲಿಂಗವ್ವ ಗೊಣಗಿದ್ದು ಕೇಳಿಸಿತು.

"ಇವನ ಬಾಯಾಗ ಮಣ್ಣ ಬೀಳ್ಲಿ. ಕಾಗದಾ ಸವರಿ ಎದ್ದ ಬರೋ ಹೊಲಸ ಹಾಟ್ಯಾ, ನಮಗ ಡರ್ಟಿ ಅಂತಾನ!"

ಬಾಟಲಿ ನೀಲವ್ವನೊಬ್ಬಳ ರೂಢಿಯಲ್ಲ. ಮೂರನೇ ಬೆಲ್ಟಿನ ಹೆಂಗಸರಲ್ಲಿ ಬಿಜಾಪುರ, ಗುಲಬರ್ಗಾ ಕಡೆಯವರಿದ್ದರು, ಪಂಜಾಬಿನವರಿದ್ದರು, ಸೊಮಾಲಿಯಾದ ಇಬ್ಬರಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಎಲ್ಲರ ಹತ್ತಿರವೂ ಒಂದೊಂದು ಬಾಟಲಿ ಇತ್ತು. ಈ ದೇಶದ ಪಾಯಖಾನೆಯಲ್ಲಿ ಕಾಗದದ ಸುರುಳಿ ಇರುತ್ತದೆ, ನಲ್ಲಿ ಇರುವುದಿಲ್ಲ. ನಲ್ಲಿ ಬೇಕೆಂದರೆ ಹೊರಗಿನ ಬೇಸಿನ್ನಿಗೇ ಬರಬೇಕು. ಅದಕ್ಕೇ ಬಾಟಲಿ. ಒಳಗೆ ನೆಲಕ್ಕೆ ಹನಿ ಬಿದ್ದರೆ ಒರೆಸಿಯೇ ಬರಬೇಕು ಅನ್ನುವುದು ಹೆಂಗಸರೇ ಮಾಡಿಕೊಂಡ ಕಟ್ಟಳೆ. ಅದಕ್ಕೆ ಬಸಲಿಂಗವ್ವ ಫೌಜದಾರಳು. ಒರೆಸದೆ ಬಂದವಳನ್ನು, ಅವಳು ಪಂಜಾಬಿಯಾಗಲಿ ಸೊಮಾಲಿಯಾಗಲಿ, ಕನ್ನಡದಲ್ಲೇ ಬೈದು ವಾಪಸು ಕಳಿಸುತ್ತಿದ್ದಳು.

ದೀಪಾವಳಿ ಮುಗಿದ ವಾರ ಬಾಗಿಲ ಮೇಲೆ ಒಂದು ಚಿತ್ರ ಬಂದಿತ್ತು. ಬಾಟಲಿ, ಅದರ ಮೇಲೆ ಕೆಂಪು ಗೀಟು. ಟೆರಿ ಬಾಗಿಲಲ್ಲಿ ನಿಲ್ಲತೊಡಗಿದ. ಡೋನಾ ಎಂಬ ಬಿಳಿ ಹುಡುಗಿ ಕೋಕಿನ ಬಾಟಲಿ ಹಿಡಿದೇ ಅವನ ಮುಂದೆ ಒಳಗೆ ಹೋಗುತ್ತಿದ್ದಳು. ಅವನು ಅವಳಿಗೆ ಬಾಗಿಲು ತೆರೆದುಕೊಡುತ್ತಿದ್ದ. ಉಳಿದವರ ಕೋಟು ಮಾತ್ರ ಮುಟ್ಟಿ ನೋಡುತ್ತಿದ್ದ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಪಾಳಿ ಮುಗಿಯುವತನಕ ತಡೆದುಕೊಂಡು, ಬಸ್ಸಿನಲ್ಲಿ ಕಾಲು ಬಿಗಿದು ಕೂತು ಮನೆ ಸೇರುತ್ತಿದ್ದರು. ಬಸಲಿಂಗವ್ವನಿಗೆ ಉರಿಮೂತ್ರ ಶುರುವಾಯಿತು. ಜಿಪಿ ಡಾಕ್ಟರ್ ಗುಳಿಗೆ ಬರೆದುಕೊಟ್ಟು, ಚೆನ್ನಾಗಿ ನೀರು ಕುಡಿ ಅಂದ.

"ಕುಡೀತೀನಿ ಮಾರಾಯಾ. ಕುಡದ ಎಲ್ಲಿ ಬಿಡ್ಲಿ? ನಿನ ಟೇಬಲ್ ಮ್ಯಾಲೆ ಬಿಡ್ಲೇನು?" ಅಂತ ಬಸಲಿಂಗವ್ವ ಕನ್ನಡದಲ್ಲಿ ಕೇಳಿ, ಅವನ ಕೈ ಕುಲುಕಿ ಬಂದಿದ್ದಳಂತೆ.

ನೀಲವ್ವನಿಗೆ ಹಾಗೆ ತಡೆಯಲು ಆಗಲಿಲ್ಲ. ಸಿಕ್ಕಿಬಿದ್ದಳು.

ನಾಲ್ಕು ದಿನದ ಮೇಲೆ ಕಾಗದ ಬಂತು. ಕೆಲಸದಿಂದ ತೆಗೆದಿದ್ದೇವೆ, ಕಾರಣ, ಗಲೀಜು ನಡತೆ. ಅವರಿದ್ದ ಹೇಸ್ ಊರಿನಲ್ಲಿ ಅವಳಿಗೆ ಸಿಗುವ ಕೆಲಸವೆಲ್ಲ ಊಟ ತಯಾರಿಸುವ, ಊಟ ಕಟ್ಟುವ ಕಾರ್ಖಾನೆಗಳಲ್ಲೇ ಇತ್ತು. ಎಲ್ಲಿ ಹೋದರೂ ಹಿಂದಿನ ಕಡೆಯ ರೆಫರೆನ್ಸ್ ಕೇಳುತ್ತಿದ್ದರು. ಓದಿದ ಮೇಲೆ ಅವರ ಕಣ್ಣು ಅವಳ ಉಗುರಿನ ಮೇಲೆ ಹೋಗುತ್ತಿತ್ತು. ಮೂರು ಕಡೆ ಹೀಗಾಯಿತು. ಆ ಒಂದು ಸಾಲು ಅಳಿಸಿಕೊಡಲಿ, ಅದರಾಚೆ ಏನೂ ಬೇಡ ಅನ್ನಿಸುತ್ತಿತ್ತು ಅವಳಿಗೆ.

ಗಂಡ ದಾನಪ್ಪ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಕಾಗದ ಓದಿಸಿಕೊಂಡು ಬಂದ ದಿನ ಬೂಟು ಕೂಡ ಬಿಚ್ಚದೆ ಕೂತ.

"ಬ್ಯಾರೆ ಏನರ ಕಾರಣಾ ಸಿಗಲಿಲ್ಲೇನ ನಿನಗ? ಕಳವು ಮಾಡಿ ಕೆಲಸಾ ಕಳಕೊಂಡಿದ್ರ ಮಂದಿಗೆ ಹೇಳಾಕರ ಬರ್ತಿತ್ತು. ಕಾಗದಾ ಬಳಸಿದ್ರ ಸಾಯ್ತಿದ್ದೇನ? ನಾ ಬಳಸಂಗಿಲ್ಲೇನು?"

ನೀವು ಬಳಸಂಗಿಲ್ಲ, ಮನೀತನಕಾ ತಡಕೊಂಡ ಓಡಿ ಬರ್ತೀರಿ ಎಂಬ ಮಾತು ನೀಲವ್ವನ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು ಅವಳು. ನೋಡುವುದು ಜಾಸ್ತಿ, ಆಡುವುದು ಕಡಿಮೆ.

ಮೇಲ್ಮನವಿ ಬರೆಯಬೇಕು ಅಂತ ಯಾರೋ ಹೇಳಿದರು. ಇಂಗ್ಲಿಷ್ ಬರೆಯುವವರೆಂದರೆ ಕೊಲಿಂಡೇಲ್‌ನ ಉದಯಶಂಕರ್. ಬೆಂಗಳೂರಿನವರು, ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಕೆಲಸ, ಕನ್ನಡ ಸಂಘದ ಕಾರ್ಯದರ್ಶಿ. ಕೆಟ್ಟವರಲ್ಲ. ಭಾನುವಾರ ಮನೆಗೆ ಕರೆದು, ಚಕ್ಕುಲಿ ಕೊಟ್ಟು, ಲ್ಯಾಪ್‌ಟಾಪ್ ತೆರೆದು ಕೂತರು. ನೀಲವ್ವ ಅನ್ನುವುದು ಅವರ ಬಾಯಲ್ಲಿ ಹೊರಳುತ್ತಿರಲಿಲ್ಲ.

"ನೋಡಿ ನೀಲಮ್ಮ, ಟಾಯ್ಲೆಟ್‌ಗೆ, ಅದಕ್ಕೆ ಇದಕ್ಕೆ ಅಂತೆಲ್ಲ ಬರೆಯೋಕಾಗಲ್ಲ. ನಾಳೆ ಪೇಪರಲ್ಲಿ ಬಂದ್ರೆ ನಮ್ಮೋರೆಲ್ಲರ ಮರ್ಯಾದೆ ಏನಾಗ್ಬೇಕು ಹೇಳಿ? ಪವಿತ್ರ ಜಲ ಅಂತ ಹಾಕ್ತೀನಿ. ನಮ್ಮ ಧರ್ಮದ ಪ್ರಕಾರ ಸದಾ ಜೊತೇಲಿ ಇಟ್ಕೊಂಡಿರ್ಬೇಕು ಅಂತ. ಧರ್ಮ ಅಂದ್ರೆ ಇವ್ರು ಹೆದರ್ತಾರೆ."

ಜೊತೆಗೆ ಬಂದಿದ್ದ ಬಸಲಿಂಗವ್ವ ಚಕ್ಕುಲಿ ಕಡಿಯುವುದನ್ನು ನಿಲ್ಲಿಸಿದಳು.

"ಸಾಹೇಬ್ರ, ತೀರ್ಥಾ ತಗೊಂಡ ಸಂಡಾಸಕ ಯಾರ ಹೋಗ್ತಾರ್ರಿ?"

"ಅಯ್ಯೋ, ಅದೆಲ್ಲ ಅವ್ರಿಗೆಲ್ಲಿ ಗೊತ್ತಾಗತ್ತೆ ಬಿಡಿ," ಎಂದು ಉದಯಶಂಕರ್ ನಕ್ಕರು. ದಾನಪ್ಪನೂ ನಕ್ಕ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಗೆಲುವು ಕಂಡಿತು. ಅದನ್ನು ನೋಡಿಯೇ ನೀಲವ್ವ ಪೆನ್ನು ಹಿಡಿದಳು. ಕನ್ನಡದಲ್ಲಿ, ಬಿಡಿಬಿಡಿಯಾಗಿ, ನೀಲವ್ವ ದಾನಪ್ಪ ಎಂದು ರುಜು ಹಾಕಿದಳು.

ಕಂಪನಿಯವರು ಮೇಲ್ಮನವಿ ತಳ್ಳಿಹಾಕಿದರು. ಪತ್ರವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು.

ಆಮೇಲೆ ಸಿಕ್ಕವಳು ರಶೀದಾ ಬಲೋಗನ್. ಬಡವರಿಗೆ ಪುಕ್ಕಟೆ ವಕೀಲಿ ಮಾಡುವ ಆಫೀಸು, ಜೂಜಿನ ಅಂಗಡಿಯ ಮೇಲಿನ ಎರಡು ಕೋಣೆ. ನೈಜೀರಿಯಾ ಮೂಲದ ಗಟ್ಟಿ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಮಾತು ದಾಟಿಸಲು ಉದಯಶಂಕರರೇ ಬಂದಿದ್ದರು. ರಶೀದಾ ಪತ್ರ ಓದಿದಳು. ಇನ್ನೊಮ್ಮೆ ಓದಿದಳು. ಕನ್ನಡಕದ ಮೇಲಿನಿಂದ ನೀಲವ್ವನನ್ನು ನೋಡಿ ಏನೋ ಕೇಳಿದಳು. ಉದಯಶಂಕರರ ಕಿವಿ ಕೆಂಪಾಯಿತು. ಅವರು ಅದನ್ನು ಕನ್ನಡಕ್ಕೆ ತರಲೇ ಇಲ್ಲ. ರಶೀದಾ ಕಾಯಲಿಲ್ಲ, ಎದ್ದು ನಿಂತು, ಬಲಗೈಯಲ್ಲಿ ನೀರಿನ ಕೆಟಲ್ ಹಿಡಿದಂತೆ ಮಾಡಿ, ಎಡಗೈಯನ್ನು ಹಿಂದೆ ಒಯ್ದು ಅಭಿನಯಿಸಿ ತೋರಿಸಿದಳು. "ಮೈ ಗ್ರ್ಯಾಂಡ್‌ಮದರ್," ಅಂದಳು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ಕಾರ್ಖಾನೆ ಬಿಟ್ಟ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ನಗು ಮುಗಿದ ಮೇಲೆ ರಶೀದಾ ಪತ್ರವನ್ನು ಬೆರಳಿನಿಂದ ಕುಟ್ಟಿ ಕುಟ್ಟಿ ಬಹಳ ಹೊತ್ತು ಮಾತಾಡಿದಳು. ಉದಯಶಂಕರ್ ಒಂದೊಂದಾಗಿ ದಾಟಿಸಿದರು.

"ಕೇಸು ಇದೆಯಂತೆ. ಬಿಳಿಯರನ್ನ ಬಿಟ್ಟು ನಿಮ್ಮಗಳ ಕೋಟು ಮಾತ್ರ ಹುಡುಕಿದ್ದು ಜನಾಂಗದ ತಾರತಮ್ಯ. ಕೋಕಿನ ಬಾಟ್ಲಿ ಬಿಟ್ಟು ನೀರಿನ ಬಾಟ್ಲಿ ತಡೆದದ್ದೂ ಅದೇ. ಆದ್ರೆ ಈ ಪತ್ರ... ಇದನ್ನ ಹಿಡ್ಕೊಂಡು ನಿಮ್ಮನ್ನ ಸುಳ್ಳಿ ಅಂತಾರಂತೆ. ನಿಜಾನೇ ಹೇಳ್ಬೇಕು ಅಂತಿದಾರೆ ಇವ್ರು." ಆಮೇಲೆ ದನಿ ತಗ್ಗಿಸಿ, ತಮ್ಮದೇ ಮಾತು ಸೇರಿಸಿದರು. "ನಾನು ಹೇಳೋದು ಕೇಳಿ. ಪವಿತ್ರ ಜಲ ಅಂತಲೇ ನಿಂತ್ಬಿಡಿ. ಗೌರವವಾದ್ರೂ ಉಳಿಯತ್ತೆ."

ಸಾಕ್ಷಿ ಹೇಳಲು ಮೂರನೇ ಬೆಲ್ಟಿನಿಂದ ಯಾರೂ ಮುಂದೆ ಬರಲಿಲ್ಲ. ಎಲ್ಲರಿಗೂ ಬೆಲ್ಟು ಬೇಕಿತ್ತು. ಬಸಲಿಂಗವ್ವ ಜ್ವರ ಅಂತ ಫೋನು ಮಾಡಿಸಿ ವಿಚಾರಣೆಯ ದಿನ ಬಂದಳು, ಕೇಳುವವರ ಕುರ್ಚಿಯಲ್ಲಿ ಕೂರುವುದಕ್ಕೆ ಮಾತ್ರ.

ಕೆಲಸಗಾರರ ಕೇಸು ನೋಡುವ ಟ್ರಿಬ್ಯೂನಲ್ ಅಂದರೆ ಕೋರ್ಟಿನ ಹಾಗಿರಲಿಲ್ಲ. ಆಫೀಸು ಕಟ್ಟಡದ ಐದನೇ ಮಹಡಿ, ಬೂದು ಕಾರ್ಪೆಟ್ಟು. ಎದುರಿಗೆ ಮೂವರು. ನಡುವೆ ಬಿಳಿಗೂದಲಿನ ಅಧ್ಯಕ್ಷ, ಒಂದು ಪಕ್ಕ ಗಂಡಸು, ಇನ್ನೊಂದು ಪಕ್ಕ ಹೆಂಗಸು. ನೀಲವ್ವನ ಪಕ್ಕ ದುಭಾಷಿ ಅಂಬುಜಾ, ಮೈಸೂರಿನವಳು, ಮಡಿಕೆ ಕೆಡದ ಹತ್ತಿಸೀರೆ. ಹಿಂದಿನ ಸಾಲಿನಲ್ಲಿ ದಾನಪ್ಪ, ಉದಯಶಂಕರ್. ಆ ಕಡೆ ಟೆರಿ, ಹೊಸ ಟೈ ಕಟ್ಟಿ, ಮಗುವಿನ ಹಾಗೆ ತಲೆ ಬಾಚಿ ಕೂತಿದ್ದ.

ಕಂಪನಿಯ ವಕೀಲ ಹುಡುಗನಂತಿದ್ದ. ದನಿ ಬೆಣ್ಣೆ.

"ಈ ಪತ್ರದಲ್ಲಿರುವುದು ನಿಮ್ಮ ರುಜುವೇ?" ಅಂಬುಜಾ ಕನ್ನಡಕ್ಕೆ ತಂದಳು.

"ಹೌದ್ರಿ."

"ಬಾಟಲಿಯಲ್ಲಿ ಪವಿತ್ರ ಜಲ ಇತ್ತು ಎಂದು ಬರೆದಿದೆ. ಪವಿತ್ರ ಜಲವನ್ನು ನೀವು ಶೌಚಾಲಯದೊಳಗೆ ಒಯ್ಯುತ್ತಿದ್ದಿರೇ?"

ಟೆರಿ ಕೆಮ್ಮಿದ. ಅದು ಕೆಮ್ಮಲ್ಲ, ನಗು. ನೀಲವ್ವ ಹಿಂತಿರುಗಿ ನೋಡಿದಳು. ಉದಯಶಂಕರ್ ಹೌದು ಅನ್ನುವಂತೆ ಮೆಲ್ಲಗೆ ತಲೆ ಆಡಿಸುತ್ತಿದ್ದರು. ದಾನಪ್ಪ ತನ್ನ ಬೂಟು ನೋಡುತ್ತಿದ್ದ.

"ಅದು ತೀರ್ಥ ಅಲ್ರಿ," ಅಂದಳು ನೀಲವ್ವ. "ಕುಂಡಿ ತೊಳಕೊಳ್ಳಾಕ ಒಯ್ತಿದ್ದೆ."

ಅಂಬುಜಾ ಸೀರೆಯ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅದರಲ್ಲಿ 'ಪರ್ಸನಲ್' ಅನ್ನುವ ಪದ ನೀಲವ್ವನಿಗೆ ಗೊತ್ತಾಯಿತು. ಕಾರ್ಖಾನೆಯ ಲಾಕರಿನ ಮೇಲೆ ಇರುತ್ತಿತ್ತು. ತಾನು ಆಡಿದ್ದು ಅದಲ್ಲ. ಅಧ್ಯಕ್ಷನ ಹುಬ್ಬು ಗಂಟಾಯಿತು. ವಕೀಲ ಕೈ ಚೆಲ್ಲಿ ಮತ್ತೆ ಕೇಳಿದ.

"ಪರ್ಸನಲ್ ಎಂದರೆ? ಕುಡಿಯುವುದಕ್ಕೇ? ಔಷಧಕ್ಕೇ? ಪೂಜೆಗೇ?"

"ಅಕ್ಕಾರ, ನಾ ಹೇಳಿದ್ದ ಹಂಗ ಹೇಳ್ರಿ," ಅಂದಳು ನೀಲವ್ವ.

"ಛೆ, ಇಲ್ಲಿ ಹಾಗೆಲ್ಲ ಹೇಳೋದು ಹ್ಯಾಗಮ್ಮ," ಎಂದು ಅಂಬುಜಾ ಪಿಸುಗುಟ್ಟಿದಳು. ಅವಳ ಕಣ್ಣಲ್ಲಿ ನೀರಾಡುತ್ತಿತ್ತು.

ನೀಲವ್ವ ಎದ್ದು ನಿಂತಳು. ಮೇಜು ಹಿಡಿದಳು.

"ವಾಟರ್," ಅಂದಳು. "ವಾಷ್. ಆರ್ಸ್. ಐ ವಾಷ್ ಮೈ ಆರ್ಸ್."

ಅವಳು ಟೆರಿಯ ಕಡೆಗೆ ಬೆರಳು ಮಾಡಿದಳು.

"ಹೀ ಟೀಚ್. ಎವ್ರಿ ಡೇ. ಮೂವ್ ಯುವರ್ ಆರ್ಸ್, ಮೂವ್ ಯುವರ್ ಆರ್ಸ್. ಐ ಮೂವ್. ಐ ವಾಷ್. ನೋ ಡರ್ಟಿ."

ಅಧ್ಯಕ್ಷನ ಪಕ್ಕದ ಹೆಂಗಸು ತಲೆ ಕೆಳಗೆ ಹಾಕಿದಳು. ರಶೀದಾ ಕನ್ನಡಕ ತೆಗೆದು ಒರೆಸಿಕೊಂಡಳು. ಅಧ್ಯಕ್ಷ ನಿಧಾನವಾಗಿ, ಒಂದೊಂದು ಪದವನ್ನೂ ಬರೆದುಕೊಂಡ.

ವಕೀಲ ಅಧ್ಯಕ್ಷನ ಪೆನ್ನು ನಿಲ್ಲುವತನಕ ಕಾದ.

"ಹಾಗಾದರೆ ನೀವು ರುಜು ಹಾಕಿದ ಪತ್ರ ಸುಳ್ಳು?"

"ಸುಳ್ಳ್ರಿ."

"ಥ್ಯಾಂಕ್ ಯು," ಎಂದು ಅವನು ಕೂತ. ಬಿಲ್ಲೆಯಂಥ ಗುಂಡಗಿನ ಮುಖದಲ್ಲಿ ತೃಪ್ತಿ ಇತ್ತು. ಇದೂ ಹೋಯಿತು ಅನ್ನುವುದು ರಶೀದಾಳ ಮುಖ ನೋಡದೆಯೂ ನೀಲವ್ವನಿಗೆ ತಿಳಿಯಿತು. ಸುಳ್ಳು ಬರೆದಾಗ ನಂಬಲಿಲ್ಲ. ನಿಜ ಹೇಳಿದರೆ ಅದೇ ಸುಳ್ಳಿಗೆ ಸಾಕ್ಷಿಯಾಯಿತು.

ಊಟಕ್ಕೆ ಬಿಟ್ಟರು. ತೀರ್ಪು ಟಪಾಲಿನಲ್ಲಿ ಬರುತ್ತದಂತೆ, ಆರು ವಾರವೋ ಎಂಟೋ.

ಕಾರಿಡಾರಿನಲ್ಲಿ ಉದಯಶಂಕರ್ ಕೈ ಹಿಸುಕಿಕೊಂಡರು. "ಎಲ್ಲಾ ಹಾಳ್ಮಾಡ್ಬಿಟ್ರಲ್ಲ ನೀಲಮ್ಮ. ಒಂದು ಹೌದು ಅಂದಿದ್ರೆ ಸಾಕಿತ್ತು."

"ಮಂದ್ಯಾಗ ಕಳದಿ," ಅಂದ ದಾನಪ್ಪ. "ಮಾನಾ ಮರ್ಯಾದಿ ಎಲ್ಲಾ ತೊಳದಿ."

ನೀಲವ್ವನಿಗೆ ಅದಾವುದೂ ಕಿವಿಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಆರರಿಂದ ತಡೆದುಕೊಂಡಿದ್ದಳು. ಸಿಕ್ಕಿಬಿದ್ದ ದಿನದಿಂದ ಹೊರಗೆ ಹೋದಾಗಲೆಲ್ಲ ಅದೇ ರೂಢಿಯಾಗಿತ್ತು. ಚೀಲಕ್ಕೆ ಕೈ ಹಾಕಿದಳು. ಮಾದರಿಗೆ ಒಂದು ತಾ ಅಂತ ರಶೀದಾ ಹೇಳಿದ್ದಕ್ಕೆ ತಂದಿದ್ದ ಬಾಟಲಿ ಅಲ್ಲಿತ್ತು, ಹಸಿರು ಮುಚ್ಚಳದ್ದು. ಯಾರೂ ಕೇಳಿರಲಿಲ್ಲ.

ಕಾರಿಡಾರಿನ ತುದಿಯಲ್ಲಿ ಕುಡಿಯುವ ನೀರಿನ ಯಂತ್ರ. ಅದರ ಮುಂದೆ ಟೆರಿ ಮತ್ತು ಕಂಪನಿಯವರು ಕಾಗದದ ಲೋಟ ಹಿಡಿದು ನಿಂತಿದ್ದರು. ನೀಲವ್ವ ಬಾಟಲಿಯನ್ನು ಎದೆಯ ಮುಂದೆ, ಎಲ್ಲರಿಗೂ ಕಾಣುವ ಹಾಗೆ ಹಿಡಿದು ಅವರ ನಡುವೆ ಹೋಗಿ ನಿಂತಳು.

"ಮೂವ್," ಅಂದಳು.

ಟೆರಿ ಸರಿದ.

ನಲ್ಲಿ ಸಣ್ಣದು, ನೀರು ಎಳೆಯಾಗಿ ಬೀಳುತ್ತಿತ್ತು. ಬಾಟಲಿ ತುಂಬಲು ಬಹಳ ಹೊತ್ತು ಹಿಡಿಯಿತು. ಯಂತ್ರ ಗುಳುಗುಳು ಎಂದಿತು. ಹಿಂದೆ ವಕೀಲ ಬಂದು ನಿಂತ, ಅವನ ಹಿಂದೆ ಅಂಬುಜಾ, ಅವಳ ಹಿಂದೆ ಯಾರೋ ಗುರುತಿಲ್ಲದವರು. ಕೊರಳಿನವರೆಗೆ ತುಂಬಿಸಿ, ಮುಚ್ಚಳ ಹಾಕದೆ, ಅವಳು ಹೆಂಗಸರ ಪಾಯಖಾನೆಯ ಕಡೆಗೆ ನಡೆದಳು.

"ಏ ನೀಲಾ," ಬಸಲಿಂಗವ್ವ ಕಾರಿಡಾರ ತುಂಬ ಕೇಳುವ ಹಾಗೆ ಕೂಗಿದಳು, "ನನಗೂ ಒಂದೀಟ ಉಳಸ!"