ಹುಡುಕುವ ಖರ್ಚು

ರಿಯಾಯಿತಿ ಎಂಬ ಮಾತು ಕಿವಿಗೆ ಬಿದ್ದರೆ ಹಸ್ನಾ ಊಟ ಬಿಟ್ಟು ಏಳುವವಳು. ಕಬಕದಲ್ಲಿ ಅವಳದ್ದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ. ಒಂದು ಡಜನ್ ಗುಂಡಿ ಬೇಕಾದರೂ ಪುತ್ತೂರಿನ ಮೂರು ಅಂಗಡಿ ಹತ್ತಿಳಿದು ಬೆಲೆ ಕೇಳುತ್ತಾಳೆ. ಅಂಥವಳು ಐದು ದಿನದ ಹಡಗು ಪ್ರವಾಸಕ್ಕೆ ಹೊರಟರೆ ಸುಮ್ಮನಿರುತ್ತಾಳೆಯೇ? ಬೇಗ ಬುಕ್ ಮಾಡಿದ್ದಕ್ಕೆ ಒಂದು ರಿಯಾಯಿತಿ, ಬ್ಯಾಂಕಿನ ಕಾರ್ಡಿಗೆ ಇನ್ನೊಂದು, ಅರುವತ್ತು ದಾಟಿದ ಉಮ್ಮ ಪಾತುವಿನ ವಯಸ್ಸಿಗೆ ಮತ್ತೊಂದು. ಮೂರನ್ನೂ ಗಿಟ್ಟಿಸಿಕೊಂಡು, ಪುತ್ತೂರಿನ ಟ್ರಾವೆಲ್ಸ್ ಆಫೀಸಿನಲ್ಲಿ ಟಿಕೆಟ್ ಮಾಡಿಕೊಡುವ ರೂಪೇಶನ ಎದುರು ಗೆದ್ದವಳ ಹಾಗೆ ಕೂತಿದ್ದಳು.

ಪಕ್ಕದಲ್ಲಿ ಪಾತು. ಸಮುದ್ರವೆಂದರೆ ಮುಖ ತಿರುಗಿಸುವ ಹೆಂಗಸು. ಮೂವತ್ತನಾಲ್ಕು ವರ್ಷದ ಹಿಂದೆ ಅವಳ ಗಂಡ ಹಕೀಮ್ ಮಂಗಳೂರಿನ ಬಂದರಿನಿಂದ ಮಂಜಿಯಲ್ಲಿ, ಅಂದರೆ ಸರಕು ಸಾಗಿಸುವ ದೊಡ್ಡ ದೋಣಿಯಲ್ಲಿ, ಲಕ್ಷದ್ವೀಪಕ್ಕೆ ಹೊರಟಿದ್ದ. ಅಕ್ಕಿ, ಹಂಚು ತುಂಬಿದ್ದ ಮಂಜಿ ಗಾಳಿಗೆ ಸಿಕ್ಕಿ ಮುಳುಗಿತು. ಜೊತೆಯ ಇಬ್ಬರು ಬದುಕಿ ಬಂದರು, ಹಕೀಮ್ ಸಿಗಲೇ ಇಲ್ಲ. ಹಸ್ನಾಳಿಗೆ ಆಗ ನಾಲ್ಕು ವರ್ಷ. ಬಾಪನಿಗೆ ಗೋರಿಯಿಲ್ಲ, ನಿಂತು ದುವಾ ಮಾಡಲು ಒಂದು ಜಾಗವಿಲ್ಲ. ಈ ಹಡಗು ಅದೇ ದಾರಿಯಲ್ಲಿ ಹೋಗುತ್ತದೆ. ಒಮ್ಮೆ ಉಮ್ಮನನ್ನು ಆ ನೀರಿನ ಮೇಲೆ ನಿಲ್ಲಿಸಬೇಕು ಎಂಬುದು ಹಸ್ನಾಳ ಹಟ. ವಿಷಯ ತೆಗೆದಾಗ ಪಾತು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಅಕ್ಕಿ ಆರಿಸುತ್ತ, "ಹೋಗುವ" ಅಂದಳು.

"ಇನ್ನು ಇನ್ಶೂರೆನ್ಸ್ ಒಂದು ಬಾಕಿ ಹಸ್ನಕ್ಕ," ಅಂದ ರೂಪೇಶ್. "ಕಾರ್ಡಿನ ಆಫರಿನ ಜೊತೆ ಸಣ್ಣ ಪಾಲಿಸಿ ಫ್ರೀ ಉಂಟು. ಆಸ್ಪತ್ರೆ ಖರ್ಚು ಬರ್ತದೆ, ಬ್ಯಾಗ್ ಕಳೆದ್ರೆ ಸ್ವಲ್ಪ ಸಿಗ್ತದೆ. ಅದು ಬೇಡ, ದೊಡ್ಡದು ಬೇಕು ಅಂದ್ರೆ ಕಾರ್ಡಿನ ರಿಯಾಯಿತಿ ಸಿಗುದಿಲ್ಲ."

"ಸಣ್ಣದೇ ಸಾಕು ಮಾರಾಯ. ಐದು ದಿನದಲ್ಲಿ ಎಂತ ಆಗ್ಲಿಕ್ಕುಂಟು?"

ರೂಪೇಶ್ ಅರ್ಜಿಯ ಹಾಳೆ ತೆಗೆದು, ಶಾಯಿಯ ಪ್ಯಾಡನ್ನು ಪಾತುವಿನ ಕಡೆ ಸರಿಸಿದ. ಅವಳಿಗೆ ಸಹಿ ಹಾಕಲು ಬಾರದು. ಆದರೆ ಮಡಿಲಲ್ಲಿದ್ದ ಕೈಯನ್ನು ಅವಳು ಎತ್ತಲಿಲ್ಲ.

"ಅದ್ರಲ್ಲಿ ಎಂತ ಬರ್ದಿದೆ, ಓದು ಮಗಾ."

ಅವನು ಗಡಬಡಿಸಿ ಓದಿದ. ನಿಧಾನ ಓದು ಅಂದಳು. ಮತ್ತೆ ಓದಿದ. ಇಡೀ ಹಾಳೆ ಮುಗಿದ ಮೇಲೆ ಪಾತು ಕೇಳಿದಳು.

"ನೀರಿಗೆ ಬಿದ್ದವರನ್ನು ಹುಡುಕುದು ಉಂಟಾ ಇದ್ರಲ್ಲಿ?"

"ಇಲ್ಲ ಪಾತುಮ್ಮ. ದೊಡ್ಡದ್ರಲ್ಲಿ ಉಂಟು. ಹುಡುಕುವ ಖರ್ಚು ಅಂತ ಬೇರೆಯೇ ಹಾಕಿದ್ದಾರೆ."

"ಹಾಗಾದ್ರೆ ಇದಕ್ಕೆ ನಾನು ಹೆಬ್ಬೆಟ್ಟು ಒತ್ತುದಿಲ್ಲ. ನಾನು ಬರುದೂ ಇಲ್ಲ."

ಹಸ್ನಾಳಿಗೆ ರೇಗಿತು. ಇಷ್ಟು ದಿನ ಓಡಾಡಿ ಹೊಂದಿಸಿದ್ದು ಒಂದು ಮಾತಿಗೆ ಮಣ್ಣುಪಾಲಾಗುವುದನ್ನು ಯಾರು ತಾನೇ ಸಹಿಸುತ್ತಾರೆ?

"ಹಡಗಿಗೆ ಸುತ್ತಲೂ ಕಂಬಿ ಉಂಟು ಉಮ್ಮ, ಯಾರೂ ಬೀಳುದಿಲ್ಲ. ಬೀಳದವರನ್ನು ಹುಡುಕ್ಲಿಕ್ಕೆ ನಾವು ಯಾಕೆ ದುಡ್ಡು ಕೊಡುದು?"

ಪಾತು ಶಾಯಿಯ ಪ್ಯಾಡನ್ನೇ ನೋಡುತ್ತಿದ್ದಳು.

"ಮಂಜಿ ಮುಳುಗಿದ ಮೂರನೇ ದಿನ ಅದರ ಧನಿ ಮನೆಗೆ ಬಂದಿದ್ರು," ಅಂದಳು. "ಎರಡು ದೋಣಿ ಹುಡುಕ್ತಾ ಉಂಟು, ಇನ್ನೂ ಹುಡುಕಿಸಿದ್ರೆ ನಿನ್ನ ಕೈಗೆ ಕೊಡ್ಲಿಕ್ಕೆ ಎಂತದೂ ಉಳಿಯುದಿಲ್ಲ ಅಂದ್ರು. ಹುಡುಕಿದ್ದು ಸಾಕು ಅಂತ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ರೆ ಈಗಲೇ ದುಡ್ಡು ಅಂದ್ರು. ನಾನು ಒತ್ತಿದೆ. ಸಂಜೆಗೆ ದೋಣಿ ವಾಪಸು ಬಂತು."

ಮಗಳ ಕಡೆ ತಿರುಗಿ ಕೇಳಿದಳು. "ನಿನ್ನ ಬಾಪ ಎಲ್ಲಿಯಾದ್ರೂ ಹಲಗೆ ಹಿಡ್ಕೊಂಡು ಇದ್ದಿದ್ರೆ?"

ಹಸ್ನಾಳಿಗೆ ಸಂಕಟವಾಯಿತು. ಆದರೆ ಬಾಯಿಂದ ಬಂದದ್ದು ಸಿಟ್ಟೇ.

"ಯಾಕೆ ಒತ್ತಿದ್ದು?"

ಪಾತು ಮಗಳ ಮುಖ ನೋಡಿ, ದೃಷ್ಟಿ ಕೆಳಗಿಳಿಸಿದಳು. ಆ ನೋಟದಲ್ಲಿ ಹಸ್ನಾಳಿಗೆ ಅಜ್ಜಿ ನೂರು ಸಲ ಹೇಳಿದ ಕಥೆ ನೆನಪಾಯಿತು. ಬಾಪ ಹೋದ ವಾರವೇ ನಾಲ್ಕು ವರ್ಷದ ಹಸ್ನಾಳ ಎದೆಯಲ್ಲಿ ಕಫ ಕಟ್ಟಿ, ಪುತ್ತೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟು, ಮಂಗಳೂರಿನಿಂದ ಮದ್ದು ತರಿಸಿ ಉಳಿಸಿಕೊಂಡರಂತೆ. ಅದನ್ನು ಹಸ್ನಾ ಎಲ್ಲರ ಮುಂದೆ ನಗುತ್ತ ಹೇಳುವುದುಂಟು. ಆ ಮದ್ದಿಗೆ ದುಡ್ಡು ಎಲ್ಲಿಂದ ಬಂತು? ಗುಂಡಿಯ ಬೆಲೆಯನ್ನೂ ಮೂರು ಕಡೆ ಕೇಳುವವಳು ಇದನ್ನು ಒಮ್ಮೆಯೂ ಕೇಳಿರಲಿಲ್ಲ.

"ನನ್ನ ಆಸ್ಪತ್ರೆಗಾ ಉಮ್ಮ?"

"ನಿನಗೆ ಉಸಿರಾಡ್ಲಿಕ್ಕೆ ಆಗ್ತಿರ್ಲಿಲ್ಲ," ಅಂದಳು ಪಾತು.

ಹಸ್ನಾ ಸಣ್ಣ ಪಾಲಿಸಿಯ ಹಾಳೆಯನ್ನು ರೂಪೇಶನ ಕಡೆ ತಳ್ಳಿದಳು.

"ದೊಡ್ಡದು ಮಾಡು ರೂಪೇಶ," ಹಸ್ನಾ ಹೇಳಿದಳು. "ಕಾರ್ಡಿನದ್ದು ಹೋಗ್ಲಿ."

ಹೊಸ ಹಾಳೆ ಬಂತು. ಹೇಳಿಸಿಕೊಳ್ಳದೆ ಅವನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದ. ಪಾತುವಿಗೆ ಇನ್ನೂ ಒಂದು ಮಾತು ಉಳಿದಿತ್ತು.

"ಹುಡುಕುದನ್ನು ನಿಲ್ಲಿಸ್ಲಿಕ್ಕೆ ನನ್ನ ಹೆಬ್ಬೆಟ್ಟು ಕೇಳ್ತಾರಾ?"

"ಇಲ್ಲ ಪಾತುಮ್ಮ. ಅದನ್ನು ನಿಮ್ಮ ಹತ್ರ ಯಾರೂ ಕೇಳುದಿಲ್ಲ."

ಅವಳು ಶಾಯಿಗೆ ಬೆರಳು ಮುಟ್ಟಿಸಿದಳು. ಹಸ್ನಾ ಉಮ್ಮನ ಮಣಿಕಟ್ಟು ಹಿಡಿದು, ಬೆರಳನ್ನು ಹಾಳೆಯ ಮೇಲೆ ಇರಿಸಿದಳು. ಒತ್ತಿದ ಮೇಲೂ ಬಿಡಲಿಲ್ಲ.

"ಅಲ್ಲಿ ಸಮುದ್ರದ ಮೇಲೆ ಬಾಪನಿಗೆ ನಾನೇ ಹೇಳ್ತೇನೆ ಉಮ್ಮ. ನೀವು ಹೇಳುದು ಬೇಡ."

"ಎಂತ ಹೇಳ್ತಿ?"

"ಬಾಪಾ, ನಿಮ್ಮನ್ನು ಹುಡುಕುವ ದುಡ್ಡಲ್ಲಿ ಬದುಕಿದ್ದು ನಾನು ಅಂತ."

ಪಾತು ತಲೆಯ ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡು ಅತ್ತಳು. ಉಮ್ಮ ಅಳುವುದನ್ನು ಹಸ್ನಾ ನೋಡಿದ್ದು ಅದೇ ಮೊದಲು. ರೂಪೇಶ್ ಎದ್ದು ಹೋಗಿ, ಹೊರಗೆ ಕಾಯುತ್ತಿದ್ದವರಿಗೆ ಸ್ವಲ್ಪ ಕೂರಲು ಹೇಳಿ, ಬಾಗಿಲು ಮುಂದೆ ಮಾಡಿದ.