ಅಳಿಯನ ಕೈಗುಣ

ನನ್ನ ಗಂಡನ ಕೈಗುಣದ ಬಗ್ಗೆ ಕೇಳಿ ಕೇಳಿ ನನಗೆ ಸಾಕಾಗಿದೆ. ಇಬ್ಬರೂ ಹಲ್ಲಿನ ಡಾಕ್ಟರುಗಳೇ, ಒಂದೇ ಕ್ಲಿನಿಕ್ಕು. ಬಿದ್ದ ಹಲ್ಲಿನ ಜಾಗದಲ್ಲಿ ದವಡೆಗೆ ಇಂಪ್ಲಾಂಟ್ ಕೂರಿಸುವಾಗ ಅವರು ಕಣ್ಣಳತೆಯಲ್ಲೇ ಕೊರೆಯುತ್ತಾರೆ. ನಾನು ಕಂಪ್ಯೂಟರ್ ನೋಡಿಕೊಂಡು ಕೊರೆಯುತ್ತೇನೆ. ಮೇಲಿನ ಕ್ಯಾಮೆರಾ ಡ್ರಿಲ್ಲನ್ನೂ, ರೋಗಿಯ ಹಲ್ಲಿಗೆ ಸಿಕ್ಕಿಸಿದ ಕ್ಲಿಪ್ಪನ್ನೂ ಗಮನಿಸುತ್ತಿರುತ್ತದೆ. ಮೂಳೆಯೊಳಗೆ ಡ್ರಿಲ್ಲಿನ ತುದಿ ಎಲ್ಲಿದೆ ಎಂದು ಪರದೆಯಲ್ಲಿ ಕಾಣುತ್ತದೆ. ಕೊನೆಗೆ ಸ್ಕ್ಯಾನ್ ಮಾಡಿ ನೋಡಿದರೆ ಅವರದು ಒಂಚೂರು ವಾಲಿರುತ್ತದೆ, ನನ್ನದು ನೆಟ್ಟಗಿರುತ್ತದೆ. ಆದರೂ ಜನ ಅವರಿಗೆ "ನಿಮ್ಮ ಕೈಗುಣ ಡಾಕ್ಟ್ರೇ" ಅನ್ನುತ್ತಾರೆ. ನನಗೆ "ಮಿಷನ್ನು ಬಹಳ ಚೆನ್ನಾಗಿದೆ ಮೇಡಂ" ಅನ್ನುತ್ತಾರೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಅದನ್ನೆಲ್ಲ ನುಂಗಿಕೊಂಡಿದ್ದೆ. ಅಷ್ಟರಲ್ಲಿ ನನ್ನ ಹೆತ್ತ ಅಮ್ಮನ ಕೆಳದವಡೆಯ ಹಲ್ಲು ಹೋಯಿತು.

"ಅಳಿಯಂದ್ರೇ ಮಾಡ್ಲಿ ಬಿಡು. ಎಲ್ರೂ ಅವರ ಕೈಗುಣ ಹೊಗಳ್ತಾರೆ. ನಿಂಗೇನು ಬೇಜಾರಿಲ್ಲ ತಾನೆ?"

"ನಂಗ್ಯಾಕಮ್ಮ ಬೇಜಾರು" ಅಂದೆ. ಮೈಯೆಲ್ಲ ಉರಿದುಹೋಯಿತು.

ಯಾರೂ ಕೇಳದಿದ್ದರೂ ಅಮ್ಮನ ಸ್ಕ್ಯಾನ್ ತೆರೆದು, ಎಲ್ಲಿ, ಎಷ್ಟು ಆಳ ಕೊರೆಯಬೇಕೆಂದು ನನ್ನ ಕಂಪ್ಯೂಟರಿನಲ್ಲಿ ಗುರುತು ಹಾಕಿಟ್ಟೆ. ಕ್ಲಿಪ್ಪನ್ನೂ ಸಿಕ್ಕಿಸಿದೆ. ಇವರು ಕೊರೆದ ಮೇಲೆ ಎಷ್ಟು ವಾರೆಯಾಗಿದೆ ಎಂದು ಅಮ್ಮನಿಗೇ ತೋರಿಸಬೇಕಿತ್ತು. ಅಷ್ಟು ಸಣ್ಣಬುದ್ಧಿ ನನಗಿದೆ, ಮುಚ್ಚಿಡುವುದೇನು.

ಅಮ್ಮನ ಕಣ್ಣು ಮುಚ್ಚುವಂತೆ ಹಸಿರು ಬಟ್ಟೆ ಹೊದಿಸಿ ಬಾಯಷ್ಟೇ ಬಿಟ್ಟಿದ್ದೆವು. ದವಡೆ ಮರಗಟ್ಟಿತ್ತು. ಇವರು ಡ್ರಿಲ್ ಕೈಗೆತ್ತಿಕೊಂಡು ಪರದೆಯ ಕಡೆ ನೋಡುತ್ತಾ ನಿಂತರು. ನನ್ನ ಗುರುತಿನ ಕೆಳಗೇ ತುಟಿಗೆ ಹೋಗುವ ನರ ಇತ್ತು. ಅದಕ್ಕೆ ತಗುಲಿದರೆ ಅಮ್ಮನ ಕೆಳತುಟಿ ಜೀವನಪೂರ್ತಿ ಜೋಮು ಹಿಡಿದಂತೆಯೇ.

"ಇಲ್ಲಿ ನನ್ನ ಕಣ್ಣಳತೆ ನಂಬೋಕಾಗಲ್ಲ" ಎಂದು ಮೆಲ್ಲಗೆ ಹೇಳಿದರು. ಆಮೇಲೆ ಬಗ್ಗಿ, "ಅತ್ತೆ, ನಿಮ್ಮ ಮಗಳೂ ಕೈ ಹಾಕ್ತಾಳೆ, ಆಯ್ತಾ?" ಅಂದರು.

"ಆಂ" ಅಂದಳು ಅಮ್ಮ. ತೆರೆದ ಬಾಯಲ್ಲಿ ಇನ್ನೇನು ಹೇಳಿಯಾಳು.

ಇವರು ಡ್ರಿಲ್ಲನ್ನು ನನ್ನ ಕೈಗಿಟ್ಟರು. ಅದರ ತುದಿಯನ್ನು ಪಕ್ಕದ ಹಲ್ಲಿಗೆ ಮುಟ್ಟಿಸಿ, ಪರದೆಯೂ ಅಲ್ಲೇ ತೋರಿಸುತ್ತದೆಯೇ ಎಂದು ನೋಡಿಕೊಂಡು ಕೊರೆಯತೊಡಗಿದೆ. ನಡುವೆ ಅಮ್ಮ ನಾಲಿಗೆ ಹೊರಳಿಸಿದಳು. ನಿಲ್ಲಿಸಿ ಮತ್ತೆ ಹಲ್ಲು ಮುಟ್ಟಿ ನೋಡಿದೆ. ತುದಿ ಹಲ್ಲಿನ ಮೇಲಿದ್ದರೂ ಪರದೆಯಲ್ಲಿ ಗಾಳಿಯಲ್ಲಿತ್ತು. ಕ್ಲಿಪ್ಪು ಜರುಗಿತ್ತು, ಅದು ಮಿಷನ್ನಿಗೆ ತಾನಾಗಿ ಗೊತ್ತಾಗುವುದಿಲ್ಲ. ಹಾಗೇ ಮುಂದುವರಿದಿದ್ದರೆ ನರಕ್ಕೇ ಹೋಗುತ್ತಿತ್ತು. ಕ್ಲಿಪ್ಪನ್ನು ಸರಿಯಾಗಿ ಕೂರಿಸಿ, ಮತ್ತೆ ಮುಟ್ಟಿ ನೋಡಿ, ಕೆಲಸ ಮುಗಿಸಿದೆ.

ಸ್ಕ್ಯಾನಿನಲ್ಲಿ ನನ್ನ ಗುರುತಿಗೂ ಇಂಪ್ಲಾಂಟಿಗೂ ವ್ಯತ್ಯಾಸ ಅರ್ಧ ಮಿಲಿಮೀಟರೂ ಇರಲಿಲ್ಲ. ಇವರ ಮುಖದಲ್ಲಿ ಹೊಟ್ಟೆಕಿಚ್ಚು ಹುಡುಕಿದೆ. ಸಿಗಲಿಲ್ಲ, ಅದಕ್ಕೂ ಸಿಟ್ಟು ಬಂತು.

ಸಂಜೆ ಅಮ್ಮ ತುಟಿ ಮುಟ್ಟಿ ನೋಡಿಕೊಂಡಳು. "ಜೋಮೆಲ್ಲ ಹೋಯ್ತು. ಅಳಿಯಂದ್ರ ಕೈ ಅಂದ್ರೆ ಕೈ."

"ಪೂರ್ತಿ ಮಾಡಿದ್ದು ಇವಳೇ ಅತ್ತೆ" ಅಂದರು ಇವರು. "ನಾನು ಎಂಜಲು ಹೀರೋ ಪೈಪ್ ಹಿಡ್ಕೊಂಡಿದ್ದೆ, ಅಷ್ಟೆ."

ಅಮ್ಮ ನನ್ನನ್ನು ದಿಟ್ಟಿಸಿದಳು. ನಿನ್ನ ಕೈಗುಣ ಅನ್ನುವ ಆ ಒಂದು ಮಾತಿಗೆ ಎಷ್ಟು ದಿನದಿಂದ ಕಾದಿದ್ದೆನೋ. ಅವಳು ಅಕ್ಕರೆಯಿಂದ ನನ್ನ ಕೈ ಹಿಡಿದುಕೊಂಡಳು.

"ನೀನೇ ಇಷ್ಟು ಚೆನ್ನಾಗಿ ಮಾಡಿದೀಯ ಅಂದ್ರೆ, ಆ ಮಿಷನ್ನು ಎಂಥದ್ದಿರಬೇಕು! ಇನ್ನೊಂದು ಹಲ್ಲು ಬಿದ್ರೆ ಅದನ್ನ ಅಳಿಯಂದ್ರ ಕೈಗೆ ಕೊಡು, ಮಗಳೇ."