ನಾಲ್ಕು ಬೆರಳು ಕೆಳಗೆ

ಹೊಸದುರ್ಗದ ಆ ಮೂರಂತಸ್ತಿನ ಕಟ್ಟಡದ ಲಿಫ್ಟಿಗೆ ಪ್ರೋಗ್ರಾಂ ಬರೆದವಳು ಅನುಸೂಯ. ಚಿತ್ರದುರ್ಗದ ಸಣ್ಣ ಲಿಫ್ಟ್ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಖಾಲಿ ಲಿಫ್ಟ್ ಮಹಡಿಗೆ ಸಮವಾಗಿ ನಿಲ್ಲುತ್ತಿತ್ತು. ಭಾರ ಹಾಕಿದರೆ ಒಂದೆರಡು ಬೆರಳು ಕೆಳಗೇ ಉಳಿಯುತ್ತಿತ್ತು. ಅವಳು ಹೇಳಿದಾಗ ಕಂಪನಿಯ ಮಾಲೀಕ ಗೋವರ್ಧನ, "ಅಷ್ಟು ನಡೀತೈತೆ ಬಿಡಮ್ಮ" ಎಂದಿದ್ದ. ಅವಳೂ ಬಿಟ್ಟಿದ್ದಳು.

ತಪಾಸಣೆಗೆ ಬಂದ ಮಧ್ಯಾಹ್ನ ಅವಳೊಡನೆ ಇಬ್ಬರು ಲಿಫ್ಟ್ ಹತ್ತಿದರು. ಎಂಟು ಕ್ಯಾನ್ ನೀರು ತಂದಿದ್ದ ಮರುಳಸಿದ್ದಪ್ಪ, ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದ ಮುದುಕಿ ಹುಲಿಗೆಮ್ಮ. ಮೂರನೇ ಮಹಡಿಗೆ ನಾಲ್ಕು ಬೆರಳು ಇರುವಾಗ ಲಿಫ್ಟ್ ನಿಂತಿತು. ಎರಡು ಬೆರಳಿಗಿಂತ ಹೆಚ್ಚು ಅಂತರವಿದ್ದರೆ ಜಾಲರಿ ಬಾಗಿಲಿನ ಬೀಗ ಬಿಡುತ್ತಿರಲಿಲ್ಲ. ಕೆಳಮಹಡಿಯ ಬಟನ್ ಒತ್ತಿದರೂ, ಹೊರಟ ಮಹಡಿ ಮುಟ್ಟುವವರೆಗೆ ಅದು ಬೇರೆ ಮಾತು ಕೇಳುತ್ತಿರಲಿಲ್ಲ. ಮೋಟರು ಗುಂಯ್‌ಗುಡುತ್ತಲೇ ಇತ್ತು.

ಹುಲಿಗೆಮ್ಮ ಜಾಲರಿ ಹಿಡಿದು ಅಲ್ಲಾಡಿಸಿದಳು. "ಉಸ್ರು ಕಟ್ಟುತೈತೆ ಕಣವ್ವ."

ಅನುಸೂಯ ಫೋನ್ ಮಾಡಿದರೆ ಗೋವರ್ಧನ ಹಿರಿಯೂರಿನಲ್ಲಿದ್ದ. ಬರಲು ಒಂದೂವರೆ ಗಂಟೆಯಾದರೂ ಬೇಕು.

"ಎಳೀತಾನೇ ಐತಲ್ಲ, ಯಾಕೆ ಮೇಲೆ ಹೋಗ್ತಿಲ್ಲ?" ಮರುಳಸಿದ್ದಪ್ಪ ಕೇಳಿದ.

"ಎಷ್ಟು ದೂರ ಐತೋ ಅಷ್ಟೇ ಎಳೀಲಿ ಅಂತ ಬರ್ದಿದೀನಿ ಅಣ್ಣ. ಹತ್ರ ಬಂದಂಗೆಲ್ಲ ಎಳೆತ ಕಮ್ಮಿ. ಈಗ ಇರೋದು ನಮ್ಮ ಭಾರ ಹಿಡ್ಕಂಡಿರಾಕಷ್ಟೇ ಸಾಲ್ತೈತೆ. ಎಷ್ಟೊತ್ತು ಕಾದ್ರೂ ಇಲ್ಲೇ."

"ಭಾರ ಇಳಿಸಾಣ ಅಂದ್ರೆ ಬಾಗ್ಲೇ ತೆಗೆಯಂಗಿಲ್ವಲ್ಲ."

ಅನುಸೂಯ ಜಾಲರಿಯಾಚೆಯ ಮಹಡಿಯ ಅಂಚನ್ನೇ ನೋಡಿದಳು. ತಾನೇ ಬರೆದದ್ದು ಹೇಳಿದಂತೆಯೇ ನಡೆದುಕೊಳ್ಳುತ್ತಿತ್ತು, ಯಾರನ್ನೂ ಬೈಯುವಂತಿರಲಿಲ್ಲ. ಸುಟ್ಟ ವಾಸನೆ ಸಣ್ಣಗೆ ಬರತೊಡಗಿದಾಗ ಅವಳ ಕಣ್ಣು ಕ್ಯಾನುಗಳ ಮೇಲೆ ಬಿತ್ತು.

"ನೀರು ಚೆಲ್ರಿ ಅಣ್ಣ! ಮೋಟರು, ವೈರು ಎಲ್ಲಾ ಮೇಲವೆ, ಕೆಳಗೆ ಬರೀ ಗುಂಡಿ ಐತೆ."

ಮರುಳಸಿದ್ದಪ್ಪ ಕ್ಯಾನನ್ನು ಜಾಲರಿಗೆ ಆನಿಸಿ ಬಗ್ಗಿಸಿದ. ಹುಲಿಗೆಮ್ಮ ಅದರ ಬುಡ ಎತ್ತಿಹಿಡಿದಳು. "ಇಂಥಾ ನೀರು ಚೆಲ್ಲದಾ!" ಎಂದು ಗೊಣಗಿದಳು. ಸಂದಿನಲ್ಲಿ ನೀರು ಧೋ ಎಂದು ಇಳಿಯಿತು. ಒಂದೊಂದು ಕ್ಯಾನ್ ಬರಿದಾದಂತೆ ಲಿಫ್ಟ್ ಕಂಡೂ ಕಾಣದಂತೆ ಚೂರುಚೂರೇ ಮೇಲೇರಿತು. ಎಂಟನೆಯದು ಮುಗಿಯುವಾಗ ಬೀಗ ಟಕ್ ಎಂದಿತು.

ಹೊರಬಂದ ಹುಲಿಗೆಮ್ಮ ಗೋಡೆಗೊರಗಿ ಕುಂತಳು. "ಯಾರವ್ವ ಇದನ್ನ ಮಾಡಿದ್ದು?"

"ನಾನೇ ಅಜ್ಜಿ."

ಮುದುಕಿ ಅವಳನ್ನೇ ನೋಡಿ, ಗೋಡೆ ಹಿಡಿದೆದ್ದು ಡಾಕ್ಟರ ಹತ್ತಿರ ಹೋದಳು.

ಅನುಸೂಯ ಮೇನ್ ಸ್ವಿಚ್ ಆರಿಸಿದಳು. ಗೋವರ್ಧನ ಬಂದು, "ಇವತ್ತೇ ಲಿಫ್ಟ್ ಶುರು ಮಾಡು" ಎಂದರೂ ಒಪ್ಪಲಿಲ್ಲ. ಉಳಿದ ಅಂತರವನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತಾ, ಅದು ಸೊನ್ನೆಯಾಗುವವರೆಗೆ ಎಳೆತ ಹೆಚ್ಚಿಸುವ ಹಾಗೆ ಪ್ರೋಗ್ರಾಂ ತಿದ್ದಿದಳು. ಮರುದಿನ ಭಾರಕ್ಕೆಂದು ಹೇರಿದ ಮರಳಿನ ಚೀಲಗಳ ನಡುವೆ ಒಬ್ಬಳೇ ನಿಂತು ಮೇಲೆ ಹೋದಳು. ಲಿಫ್ಟ್ ಮೊದಲು ಮಹಡಿಗಿಂತ ತುಸು ಕೆಳಗೇ ನಿಂತಿತು. ಆಮೇಲೆ ಅದು ಮೆಲ್ಲಗೆ ತೆವಳಿ ನೆಲಕ್ಕೆ ಸಮವಾಯಿತು. ಬಾಗಿಲು ತೆರೆಯಿತು. ಆದರೂ ಅವಳು ಮೆಟ್ಟಿಲಲ್ಲೇ ಇಳಿದು ಹೋದಳು.